ಮೊದಲು ಚುಚ್ಚಿದ ಮೂಗು

ನೋವಾಗುವುದಿಲ್ಲ ಎಂದು ತೋರಿಸಲು ಒಂದು ಮೂಗು ಬೇಕಾಗಿತ್ತು. ಅಂಗಳದಲ್ಲಿ ಕೂತು ಕೊಬ್ಬರಿ ಬಿಡಿಸುತ್ತಿದ್ದವರಲ್ಲಿ ಕೃತಿಕಾಳ ಮೂಗು ಹತ್ತಿರದಲ್ಲಿತ್ತು. ಅಷ್ಟೇ ಕಾರಣ. ಬೇರೆ ಕಾರಣ ಇತ್ತೆಂದು ಯಾರಾದರೂ ಹೇಳಿದರೆ ನಂಬಬೇಡಿ.

ಗುಬ್ಬಿಯ ಪಕ್ಕದ ಹಳ್ಳಿ ಅದು. ದೊಡ್ಡ ಮನೆ ರಂಗಮ್ಮನದು. ಗಂಡ ಅಣ್ಣಯ್ಯಪ್ಪ ತೀರಿಕೊಂಡ ಮೇಲೆ ತೆಂಗಿನ ತೋಟ, ಕೊಬ್ಬರಿ ಅಟ್ಟ, ಆಳುಕಾಳು ಎಲ್ಲ ಅವಳ ಕೈಯಲ್ಲೇ. ಮಗ ಭಾನುಪ್ರಕಾಶನಿಗೆ ತುಮಕೂರಿನಲ್ಲಿ ಆಫೀಸು ಕೆಲಸ, ಕ್ಯಾತ್ಸಂದ್ರದಲ್ಲಿ ಸ್ವಂತ ಮನೆ. ಅವನ ಮಗಳು ಇಂಪನಾ, ಪಿಯುಸಿ ಓದುತ್ತಾಳೆ. ಕೃತಿಕಾ ಓದುವುದೂ ಪಿಯುಸಿಯೇ, ಗುಬ್ಬಿಯ ಸರ್ಕಾರಿ ಕಾಲೇಜಿನಲ್ಲಿ. ಇಬ್ಬರಿಗೂ ಹದಿನೇಳು. ರಜೆ ಬಂತೆಂದರೆ ಇಂಪನಾ ಅಜ್ಜಿಯ ಮನೆಗೆ ಬರುತ್ತಾಳೆ. ಕೃತಿಕಾ ತನ್ನ ಅಮ್ಮ ಹನುಮಕ್ಕನ ಜೊತೆ ಅದೇ ಮನೆಯ ಅಂಗಳಕ್ಕೆ ಕೂಲಿಗೆ ಬರುತ್ತಾಳೆ. ಒಬ್ಬಳು ಒಳಗೆ, ಒಬ್ಬಳು ಹೊರಗೆ.

ಒಳಗೆ ಹೊರಗೆ ಎನ್ನುವುದನ್ನು ಈಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಾಲ ಬದಲಾಗಿದೆಯಂತೆ. ಮೊದಲು ಕಾಲೋನಿಯ ಆಳುಗಳಿಗೆ ಕೊಟ್ಟಿಗೆಯ ಗೂಡಿನಲ್ಲಿ ಬೇರೆ ಲೋಟ ಇರುತ್ತಿತ್ತು. ಕುಡಿದು, ತೊಳೆದು, ಅವರೇ ಬೋರಲು ಹಾಕಬೇಕಿತ್ತು. ಈಗ ಪೇಪರ್ ಲೋಟ ಬಂದಿವೆ. ಕುಡಿದು ಎಸೆದರಾಯಿತು. ಗುಬ್ಬಿ ಸಂತೆಯಿಂದ ರಂಗಮ್ಮ ಕಟ್ಟುಗಟ್ಟಲೆ ತರಿಸಿ ಇಟ್ಟುಕೊಂಡಿದ್ದಾಳೆ. ಯಾರಾದರೂ ಕೇಳಿದರೆ ಮಗ ಹೈಜೀನ್ ಎನ್ನುತ್ತಾನೆ. ಮನೆಯವರು ಮಾತ್ರ ಸ್ಟೀಲ್ ಲೋಟದಲ್ಲೇ ಕುಡಿಯುತ್ತಾರೆ, ಅವರಿಗೆ ಹೈಜೀನ್ ಬೇಡ.

ಕೊಬ್ಬರಿ ಕೆಲಸ ನೋಡಲು ಸಲೀಸು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯನ್ನು ಗಂಡಸರು ಸುಲಿದು ಗುಡ್ಡೆ ಹಾಕುತ್ತಾರೆ. ಹೆಂಗಸರು ಎಡಗೈಯಲ್ಲಿ ಕಾಯಿ ಹಿಡಿದು, ಬಲಗೈಯಲ್ಲಿ ಮಚ್ಚಿನ ಬೆನ್ನಿನಿಂದ ಸುತ್ತ ಬಡಿದು ಕರಟ ಬಿಡಿಸಬೇಕು. ಒಳಗಿನ ಉಂಡೆ ಕೊಬ್ಬರಿಗೆ ಗಾಯವಾಗಕೂಡದು. ಕೈಗೆ ಆಗಬಹುದು. ಹನುಮಕ್ಕನ ಎಡಗೈ ಹೆಬ್ಬೆರಳಿಗೆ ಉಗುರಿಲ್ಲ. ನಾರಿನ ದೂಳು ರೆಪ್ಪೆಗೆ, ಗಂಟಲಿಗೆ, ಮೂಗಿಗೆ ತುಂಬಿಕೊಳ್ಳುತ್ತದೆ. ಸಂಜೆ ಉಗುಳಿದರೆ ಎಂಜಲು ಕಂದು ಬಣ್ಣ. ಸೊಂಟ ನೆಟ್ಟಗಾಗಲು ಸ್ವಲ್ಪ ಹೊತ್ತು ಬೇಕು.

ಆವತ್ತು ಜಗಲಿಯ ಮೇಲೆ ಇಂಪನಾಳಿಗೆ ಮೂಗು ಚುಚ್ಚುವ ಕಾರ್ಯ. ತುಮಕೂರಿನ ಶಿರಾ ಗೇಟ್ ಹತ್ತಿರ ಗನ್ನಿನಲ್ಲಿ ಟಕ್ ಅಂತ ಹೊಡೆದು ಕಳಿಸುತ್ತಾರೆ, ಅಲ್ಲಿಗೇ ಹೋಗೋಣ ಎಂದು ಅವಳು ಗೋಗರೆದಿದ್ದಳು. ಅಜ್ಜಿ ಒಪ್ಪಲಿಲ್ಲ. ಮನೆಯ ಹೆಣ್ಣುಮಗುವಿಗೆ ಮನೆಯ ಆಚಾರಿಯೇ ಚುಚ್ಚಬೇಕು. ಗಂಡ ಹೋದಾಗ ತೆಗೆದಿಟ್ಟಿದ್ದ ತನ್ನ ಮೂಗುಬೊಟ್ಟನ್ನು ಕರಗಿಸಿ, ಮೊಮ್ಮಗಳಿಗೆಂದು ಪುಟ್ಟ ಚಿನ್ನದ ರಿಂಗು ಮಾಡಿಸಿದ್ದಳು. ಅಕ್ಕಸಾಲಿ ಉದಯಕುಮಾರ ಬಂದು ಜಮಖಾನೆಯ ಮೇಲೆ ಕೂತು ಸೂಜಿ ತೆಗೆದ. ಇಂಪನಾ ಕಿಟಾರನೆ ಕಿರುಚಿ ಕಂಬ ತಬ್ಬಿಕೊಂಡಳು.

ಮುದ್ದು ಮಾಡಿದರು. ಗದರಿದರು. ಹೊಸ ಮೊಬೈಲು ಕೊಡಿಸುತ್ತೇನೆ ಎಂದು ಅಪ್ಪ ಹೇಳಿದ. ಅವಳು ಕಂಬ ಬಿಡಲಿಲ್ಲ. ರಂಗಮ್ಮ ಗಡಿಯಾರ ನೋಡಿದಳು. ರಾಹುಕಾಲ ಹತ್ತಿರಕ್ಕೆ ಬಂದಿತ್ತು.

"ಇದೇನು ಪ್ರಾಣ ಹೋಗೋ ಕೆಲ್ಸಾನಾ? ಇರು, ತೋರಿಸ್ತೀನಿ" ಎಂದವಳು ಅಂಗಳದ ಕಡೆ ತಿರುಗಿದಳು. "ಹನುಮೀ, ನಿನ್ ಮಗ್ಳುನ್ನ ಇತ್ಲಾಗ್ ಕಳ್ಸು."

ಏನೋ ಎತ್ತಿಡಲು ಕರೆದರು ಎಂದುಕೊಂಡು ಕೃತಿಕಾ ಮಚ್ಚು ಕೆಳಗಿಟ್ಟು ಎದ್ದಳು. ಲಂಗದ ಮೇಲಿನ ನಾರು ಕೊಡವಿಕೊಂಡಳು.

"ಮೆಟ್ಲ ಮೇಲೆ ಕೂತ್ಕೋ. ಆಚಾರೀ, ಇವ್ಳಿಗೆ ಮೊದ್ಲು ಚುಚ್ಚು. ಮಗಾ ನೋಡ್ಲಿ, ಧೈರ್ಯ ಬತ್ತದೆ."

ಉದಯಕುಮಾರ "ಎಡಕ್ಕೋ, ಬಲಕ್ಕೋ?" ಎಂದ. ಕೇಳಿದ್ದು ಕೃತಿಕಾಳನ್ನಲ್ಲ.

"ನಮ್ ಮಗೀಗೆ ಬಲಕ್ಕಲ್ವಾ? ಇವ್ಳಿಗೂ ಅಲ್ಲೇ ಚುಚ್ಚು. ಒಂದೇ ತರ ಕಾಣ್ಬೇಕು."

ಕೃತಿಕಾಳ ಮನೆಯ ಹೆಂಗಸರೆಲ್ಲ ಎಡಗಡೆ ಚುಚ್ಚಿಸಿಕೊಂಡವರು. ಅಜ್ಜಿ, ಅಮ್ಮ, ದೊಡ್ಡಮ್ಮ, ಎಲ್ಲರೂ. ಸೋದರಮಾವ ಮೂಗುಬೊಟ್ಟು ತಂದು ಕೈಗಿಟ್ಟ ಮೇಲೆಯೇ ಸೂಜಿ ಮುಟ್ಟಿಸುವುದು. ಅವಳ ಮಾವ ತಿಮ್ಮೇಶ ಕುಣಿಗಲ್‌ನಲ್ಲಿ ಲಗೇಜ್ ಆಟೋ ಓಡಿಸುತ್ತಾನೆ. ನೀನು ಪಿಯುಸಿ ಪಾಸಾಗು, ಮೂಗುಬೊಟ್ಟು ನಾನೇ ತರ್ತೀನಿ ಎಂದು ಮಾತು ಕೊಟ್ಟಿದ್ದ. ಹನುಮಕ್ಕ ಓಡಿ ಬಂದು ಮೆಟ್ಟಿಲ ಕೆಳಗೆ ನಿಂತಳು.

"ಅಮ್ಮೋರೇ, ಅದು... ನಮ್ ತಮ್ಮ ಬರ್ಬೇಕಿತ್ತು..."

"ಬಿಟ್ಟಿ ಆಯ್ತದೆ ಸುಮ್ಕಿರೇ. ಆಚಾರಿ ನಿಮ್ ಕಾಲೋನಿಗೆ ಬತ್ತಾನಾ?"

ಕೃತಿಕಾ ಅಮ್ಮನ ಮುಖ ನೋಡಿದಳು. ಅಮ್ಮ ನೆಲ ನೋಡುತ್ತಿದ್ದಳು. ಆಗ ಎದ್ದು ಓಡಬಹುದಿತ್ತು. ಕಾಲು ಎದ್ದೇಳಲಿಲ್ಲ. ಆ ಮನೆಯ ಮಾತಿಗೆ ಇಲ್ಲ ಎಂದು ಹೇಳಿ ಹನುಮಕ್ಕನ ಮನೆಯಲ್ಲಿ ಯಾರಿಗೂ ಅಭ್ಯಾಸವಿರಲಿಲ್ಲ.

ಉದಯಕುಮಾರ ಬೆರಳ ತುದಿಯಿಂದ ಅವಳ ಮೂಗು ಹಿಡಿದ. ರಂಗಮ್ಮ ಬಗ್ಗಿ ಅವಳ ಮುಖದ ಹತ್ತಿರ ಬಂದಳು. ಮುಟ್ಟುವಷ್ಟು ಹತ್ತಿರ ಬರಲಿಲ್ಲ.

"ಅಳ್ಬ್ಯಾಡ ಕಣಮ್ಮೀ. ನೀನ್ ಅತ್ರೆ ಮಗಾ ಹೆದ್ರಿಕೊಳ್ತದೆ. ನಗು. ಹ್ಞಾ, ನಗು ಮತ್ತೆ."

ಸೂಜಿ ಒಳಗೆ ಹೋಯಿತು. ಎಳೆಗರಟ ಬಿರಿದಂತೆ ಸಣ್ಣ ಸದ್ದೊಂದು ತಲೆಯೊಳಗೆ ಕೇಳಿಸಿತು. ಕಣ್ಣಲ್ಲಿ ನೀರು ತಾನಾಗಿ ಬಂತು. ತುಟಿಯನ್ನು ಎರಡೂ ಕಡೆಗೆ ಎಳೆದು ಕೃತಿಕಾ ನಕ್ಕಳು. ಹಲ್ಲು ಕಾಣುವ ಹಾಗೆ ನಕ್ಕಳು. ರಕ್ತ ತುಟಿಯ ಮೇಲಿಳಿದು ಬಾಯಿಗೆ ಬಂದರೂ ನಗುತ್ತಲೇ ಇದ್ದಳು. ನಿಲ್ಲಿಸು ಎಂದು ಯಾರೂ ಹೇಳಿರಲಿಲ್ಲ.

"ನೋಡು ನೋಡು! ನಗ್ತಾವ್ಳೆ! ನೋವೇ ಇಲ್ಲ!" ಎಂದು ರಂಗಮ್ಮ ಚಪ್ಪಾಳೆ ತಟ್ಟಿದಳು.

ಇಂಪನಾ ಕಂಬ ಬಿಟ್ಟಳು. ಮೂಗು ಒರೆಸಿಕೊಂಡು ಬಂದು ಅಜ್ಜಿಯ ತೊಡೆಗೆ ಒರಗಿದಳು. ಉದಯಕುಮಾರ ಸೂಜಿಯನ್ನು ಹೆಗಲ ಮೇಲಿನ ವಸ್ತ್ರಕ್ಕೆ ಒರೆಸಿದ. ಇನ್ನೊಂದು ಸೂಜಿಗೆಂದು ಚೀಲಕ್ಕೆ ಕೈ ಹಾಕಿದ.

"ಇನ್ನೇನು ಹುಡುಕ್ತೀಯಾ? ಗಳಿಗೆ ಮೀರ್ತದೆ, ಚುಚ್ಚು ಮಾರಾಯಾ!" ಎಂದಳು ರಂಗಮ್ಮ.

ಅವನು ಅದೇ ಸೂಜಿಯಿಂದ ಚುಚ್ಚಿದ. ಇಂಪನಾ ಚೀರಿದಳು, ಎಲ್ಲರೂ ಅಯ್ಯಯ್ಯೋ ಎಂದರು, ಬಾಯಿಗೆ ಸಕ್ಕರೆ ಹಾಕಿದರು, ಚಿನ್ನದ ರಿಂಗು ಏರಿತು. ಆಮೇಲೆ ಉದಯಕುಮಾರನಿಗೆ ಮೆಟ್ಟಿಲ ಮೇಲೆ ಇನ್ನೂ ಕೂತಿದ್ದವಳು ಕಂಡಳು.

"ಇವ್ಳಿಗೇನು ಹಾಕೋದು ಅಮ್ಮಾ?"

ಅದನ್ನು ಯಾರೂ ಯೋಚಿಸಿರಲಿಲ್ಲ. ಕೊಟ್ಟಿಗೆಯ ಪಕ್ಕದ ಬೇವಿನ ಮರದಿಂದ ಅವನೇ ಒಂದು ಸಣ್ಣ ಕಡ್ಡಿ ಮುರಿದು, ಸಿಪ್ಪೆ ಸವರಿ, ತೂತಿಗೆ ತೂರಿಸಿದ. ಹಾಗಾದರೂ ಮಾಡಿದನಲ್ಲ ಎಂದು ಅವನನ್ನು ಹೊಗಳುವವರು ಹೊಗಳಲಿ.

"ಸರಿ, ಎದ್ದೇಳು. ಕೆಲ್ಸ ನೋಡ್ಕೋ ಹೋಗು" ಎಂದಳು ರಂಗಮ್ಮ.

ಕೃತಿಕಾ ಹೋಗಿ ಮಚ್ಚು ಹಿಡಿದಳು. ಮೂಗಿನ ಬಲಭಾಗ, ಕೆನ್ನೆ, ಮೇಲ್ತುಟಿ, ಎಲ್ಲ ಜೋಮು ಹಿಡಿದ ಕಾಲಿನ ಹಾಗಾಗಿತ್ತು. ಇದೆ, ಆದರೆ ತನ್ನದಲ್ಲ. ಬಿಡಿಸಿದ ಒಂದು ಕೊಬ್ಬರಿಯ ಮೇಲೆ ರಕ್ತದ ಹನಿ ಬಿತ್ತು. ಯಾರೂ ನೋಡುವ ಮೊದಲೇ ಹನುಮಕ್ಕ ಅದನ್ನು ಸೆರಗಿನಿಂದ ಒರೆಸಿ ಗುಡ್ಡೆಗೆ ಎಸೆದಳು.

ಊದಿಕೊಂಡ ಮೂಗಿಗೆ ಯಾರ ಮನೆಯದು ಎಂದು ಗೊತ್ತಿರುವುದಿಲ್ಲ. ಕೃತಿಕಾ ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರಿಗೆ ಉಪ್ಪು ಹಾಕಿ, ಅಮ್ಮನ ಹಳೇ ಸೀರೆಯ ಚೂರು ಅದ್ದಿ, ತೂತಿನ ಸುತ್ತ ಕಟ್ಟಿದ ಹಕ್ಕಳೆಯನ್ನು ನೆನೆಸಿ ತೆಗೆಯುತ್ತಿದ್ದಳು. ಕಡ್ಡಿಯನ್ನು ಮೆಲ್ಲಗೆ ತಿರುಗಿಸುತ್ತಿದ್ದಳು. ಚಮಚದಲ್ಲಿ ಕೊಬ್ಬರಿ ಎಣ್ಣೆ ಕಾಯಿಸಿ, ಚಿಟಿಕೆ ಅರಿಶಿನ ಹಾಕಿ, ಕೋಳಿಪುಕ್ಕದಿಂದ ಹಚ್ಚುತ್ತಿದ್ದಳು. ಅಂಗಳದ ದೂಳಿಗೆ ಹೋಗುವಾಗ ಮೂಗಿನ ಮೇಲಿಂದ ಬಟ್ಟೆ ಕಟ್ಟಿಕೊಳ್ಳುತ್ತಿದ್ದಳು. ಎಡಮಗ್ಗುಲಿಗೇ ಮಲಗುತ್ತಿದ್ದಳು. ಕಡ್ಡಿ ಹಳತಾದರೆ ಹೊಸದು ಹಾಕುತ್ತಿದ್ದಳು.

ಬೇಡದ ತೂತು ಅದು. ಕಡ್ಡಿ ಕಿತ್ತೆಸೆದರೆ ತಾನೇ ಮುಚ್ಚಿಕೊಳ್ಳುತ್ತಿತ್ತು. ಯಾಕೆ ಅಷ್ಟು ಜೋಪಾನ ಮಾಡುತ್ತಿದ್ದಳೋ ಅವಳಿಗೂ ತಿಳಿಯದು. ಕೈ ಮಾಡುತ್ತಿತ್ತು, ಅವಳು ನೋಡುತ್ತಿದ್ದಳು. ಒತ್ತಿದರೂ ನೋವಾಗುತ್ತಿರಲಿಲ್ಲ. ಮೂಗು ಮಾತ್ರ ಅಲ್ಲ. ಕಾಲೇಜಿನಲ್ಲಿ ಗೆಳತಿ ಅಕ್ಷತಾ ಜೋಕು ಹೇಳಿದರೆ ಅರ್ಥವಾಗುತ್ತಿತ್ತು, ನಗು ಬರುತ್ತಿರಲಿಲ್ಲ. ಸಾರಿಗೆ ಉಪ್ಪು ಇದೆಯೋ ಇಲ್ಲವೋ ಎಂದು ಅಮ್ಮ ಕೇಳಿದರೆ ಹೇಳಲಾಗುತ್ತಿರಲಿಲ್ಲ.

ತಿಮ್ಮೇಶ ಕುಣಿಗಲ್‌ನಿಂದ ಫೋನ್ ಮಾಡಿದ. ಹನುಮಕ್ಕ ಸ್ಪೀಕರ್ ಹಾಕಿದ್ದಳು, ಕೃತಿಕಾ ಕೇಳಿಸಿಕೊಂಡಳು.

"ನಾನೇನು ಸತ್ತೋಗಿದ್ನೇನಕ್ಕಾ? ನನ್ ಸೊಸೆಗೆ ಮೂಗು ಚುಚ್ಸಕ್ಕೆ ಅವ್ರ್ ಯಾರು?"

"ಮಾತಾಡ್ದೆ ಇರು ಕಣೋ. ಆಗೋಯ್ತು."

"ಬಲಕ್ಕೆ ಬೇರೆ ಚುಚ್ಸವ್ರೆ. ನಮ್ಮಲ್ಲಿ ಬಲಕ್ಕೆ ಯಾರ್ಗೈತೆ? ನೀನು ಅಲ್ಲೇ ನಿಂತಿದ್ದಲ್ಲಕ್ಕಾ?"

ಹನುಮಕ್ಕ ಫೋನನ್ನು ಮಡಿಲಲ್ಲಿ ಬೋರಲು ಇಟ್ಟುಕೊಂಡಳು. ಅದರೊಳಗೆ ಅವನು ಅಕ್ಕಾ ಅಕ್ಕಾ ಎನ್ನುತ್ತಲೇ ಇದ್ದ.

ಕೃತಿಕಾಳ ಮೂಗು ಒಣಗಿತು. ಇಂಪನಾಳದು ಕೀವಾಯಿತು. ಮೂಗಿನ ಹೊಳ್ಳೆ ಟೊಮೆಟೊ ಹಣ್ಣಿನ ಹಾಗೆ ಕೆಂಪಗೆ ಊದಿ, ಜ್ವರ ಬಂದು, ತುಮಕೂರಿನಲ್ಲಿ ಡಾಕ್ಟರಿಗೆ ತೋರಿಸಿದರು. ಡಾಕ್ಟರು ಮಾಮೂಲಿಯಾಗಿ ಒಂದು ಮಾತು ಕೇಳಿದರು. ಅದೇ ಸೂಜಿಯಿಂದ ಬೇರೆ ಯಾರಿಗಾದರೂ ಚುಚ್ಚಿದ್ದರಾ?

ಅಲ್ಲಿಯವರೆಗೆ ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಪೇಪರ್ ಲೋಟದಲ್ಲಿ ಕಾಫಿ ಕೊಡುವ ಮನೆ. ಕಾಲೋನಿಯವರು ಮೆಟ್ಟಿಲು ಹತ್ತಿದರೆ ನೀರು ಹಾಕಿ ತೊಳೆಯುವ ಮನೆ. ಅಂಥ ಮನೆಯಲ್ಲಿ ರಾಹುಕಾಲದ ಭಯಕ್ಕೆ ಹನುಮಕ್ಕನ ಮಗಳ ರಕ್ತ ಹತ್ತಿದ ಸೂಜಿಯನ್ನು ತಾವೇ ನಿಂತು ತಮ್ಮ ಮಗುವಿಗೆ ಚುಚ್ಚಿಸಿದ್ದರು. ರಂಗಮ್ಮ ಎದೆ ಬಡಿದುಕೊಂಡಳಂತೆ. ಎರಡು ದಿನ ಊಟ ಬಿಟ್ಟಳಂತೆ. ಚುಚ್ಚು ಎಂದು ಗದರಿದ್ದು ತಾನು ಎನ್ನುವುದು ಮಾತ್ರ ನೆನಪಾಗಲಿಲ್ಲ.

ಭಾನುಪ್ರಕಾಶ್ ಕಾರು ತಂದು ಕಾಲೋನಿಯ ಬಾಯಲ್ಲಿ ನಿಲ್ಲಿಸಿದ. ಒಳಗೆ ಬರಲಿಲ್ಲ. ಹಾರನ್ ಹೊಡೆದ.

"ನಿನ್ ಮಗಳಿಗೊಂದು ಬ್ಲಡ್ ಟೆಸ್ಟ್ ಮಾಡಿಸ್ಬೇಕು ಹನುಮಕ್ಕ. ಎಚ್‌ಐವಿ, ಕಾಮಾಲೆ, ಅವೆಲ್ಲ. ಫಾರ್ ಸೇಫ್ಟಿ ಅಷ್ಟೇ."

"ಅಯ್ಯೋ ಸ್ವಾಮಿ, ಅವ್ಳಿಗೆ ಅಂತಾ ಕಾಯ್ಲೆ ಎಲ್ಲಿಂದ ಬತ್ತದೆ? ಇನ್ನೂ ಓದೋ ಮಗಾ ಅದು."

"ಇದೆ ಅಂತ ನಾನೂ ಹೇಳ್ತಿಲ್ಲಮ್ಮ. ರಿಪೋರ್ಟ್ ಹೇಳ್ಲಿ."

ಹಿಂದಿನ ಸೀಟಿಗೆ ಹಳೇ ಬೆಡ್‌ಶೀಟು ಹಾಸಿದ್ದರು. ಕೃತಿಕಾ ಅದರ ಮೇಲೆ ಕೂತಳು. ಮುಂದೆ ಮಾಸ್ಕ್ ಹಾಕಿಕೊಂಡ ಇಂಪನಾ. ಹನುಮಕ್ಕನನ್ನು ಕರೆದುಕೊಂಡು ಹೋಗಲಿಲ್ಲ, ಅಟ್ಟದಿಂದ ಕಾಯಿ ಇಳಿಸಿದ್ದರು, ಕೆಲಸ ಬಾಕಿ ಇತ್ತು. ಗುಬ್ಬಿ ಹೋಯಿತು, ತುಮಕೂರು ಬಂತು. ಶಿರಾ ಗೇಟ್ ಹತ್ತಿರದ ಲ್ಯಾಬಿನ ಮುಂದೆ ಕಾರು ನಿಲ್ಲಿಸಿ, ಇಳಿದು, ಭಾನುಪ್ರಕಾಶ್ ಎರಡು ಹೆಜ್ಜೆ ಹೋದವನು ತಿರುಗಿ ಬಂದು ಕಿಟಕಿಯಲ್ಲಿ ಬಗ್ಗಿದ.

"ನಿನ್ ಹೆಸ್ರೇನಮ್ಮ?"

ಹನುಮಿ ಮಗಳು ಎಂದರೆ ಲ್ಯಾಬಿನವರು ಬರೆದುಕೊಳ್ಳುವುದಿಲ್ಲ. ಅದಕ್ಕೇ ಕೇಳಿದ್ದು. ಕೃತಿಕಾ ಹೇಳಿದಳು.

ಅಪ್ಪ ಒಳಗೆ ಹೋದ ಮೇಲೆ ಇಂಪನಾ ಮಾಸ್ಕ್ ಕೆಳಗೆಳೆದು ಹಿಂದಕ್ಕೆ ತಿರುಗಿದಳು. ರಜೆ ಮುಗಿಸಿ ಹೋದ ಕೂಡಲೇ ಕಾಲೇಜಿನ ಹುಡುಗಿಯರು ರಿಂಗ್ ನೋಡಿ ಅಜ್ಜಿ ತರ ಇದೆ ಎಂದು ಆಡಿಕೊಂಡರಂತೆ. ಮೂರನೇ ದಿನಕ್ಕೇ ಅದನ್ನು ತೆಗೆದು, ಇಲ್ಲೇ ಒಂದು ಫ್ಯಾನ್ಸಿ ಅಂಗಡಿಯಲ್ಲಿ ಸ್ಟಡ್ ಕೊಂಡು ಹಾಕಿಕೊಂಡಿದ್ದಳಂತೆ. ಹಸಿ ಗಾಯಕ್ಕೆ ಅಗ್ಗದ ಗಿಲೀಟು ಮಾಲು. ಊದಿದ ಮೇಲೆ ಮತ್ತೆ ರಿಂಗು ತೂರಿಸಿಕೊಂಡಿದ್ದಳಂತೆ.

"ಪಪ್ಪಂಗೆ ಗೊತ್ತಿಲ್ಲ. ಹೇಳ್ಬೇಡ ಪ್ಲೀಸ್. ಸಾಯಿಸ್ಬಿಡ್ತಾರೆ" ಎಂದಳು. ಆಮೇಲೆ ಕೃತಿಕಾಳ ಮೂಗನ್ನೇ ನೋಡುತ್ತಾ, "ನಿಂಗೆ ಚೆನ್ನಾಗಿ ಒಣಗಿದೆ ಅಲ್ವಾ? ಆವತ್ತೂ ಅಷ್ಟೇ, ನಿಂಗೆ ನೋವೇ ಆಗ್ಲಿಲ್ಲ. ನೀನು ಲಕ್ಕಿ ಕಣೇ" ಎಂದಳು.

ಅವಳು ಅಣಕಿಸುತ್ತಿರಲಿಲ್ಲ. ನಿಜವಾಗಿಯೂ ಹಾಗೆಂದು ನಂಬಿದ್ದಳು. ಕೃತಿಕಾ ಕಿಟಕಿಯಾಚೆ ನೋಡಿದಳು. ರಸ್ತೆಯಲ್ಲಿ ಬಸ್ಸು, ಆಟೋ, ಜನ. ಎಲ್ಲರಿಗೂ ಒಂದೊಂದು ಮೂಗು.

ಒಳಗೆ ಬಿಳಿ ಕೋಟಿನ ಹುಡುಗ ಅವಳ ತೋಳಿಗೆ ರಬ್ಬರ್ ಬಿಗಿದ. "ಕೈ ಮುಷ್ಟಿ ಮಾಡಮ್ಮ. ಚುರುಕ್ ಅನ್ನುತ್ತೆ ಅಷ್ಟೇ" ಎಂದು ಸೂಜಿ ಎತ್ತಿದ. ಸೂಜಿ ಕಂಡದ್ದೇ ಕೃತಿಕಾಳ ತುಟಿ ತಾನಾಗಿ ಎರಡೂ ಕಡೆಗೆ ಎಳೆದುಕೊಂಡಿತು. ಹಲ್ಲು ಕಂಡವು.

"ಯಾಕಮ್ಮಾ ನಗ್ತೀಯಾ?" ಎಂದ ಅವನು.

ಅವಳಿಗೆ ಮುಖ ಸರಿ ಮಾಡಿಕೊಳ್ಳಲು ಆಗಲಿಲ್ಲ. ಸಿರಿಂಜಿಗೆ ರಕ್ತ ತುಂಬುವವರೆಗೂ ಹಾಗೇ ಕೂತಿದ್ದಳು. ಮನೆಗೆ ಬಂದು ಇಳಿದ ಮೇಲೆ ತಿರುಗಿ ನೋಡಿದರೆ, ಭಾನುಪ್ರಕಾಶ್ ಆ ಬೆಡ್‌ಶೀಟನ್ನು ಎರಡು ಬೆರಳಲ್ಲಿ ಎಳೆದು ಕಾಲೋನಿಯ ಚರಂಡಿಯ ಪಕ್ಕ ಬಿಸಾಡುತ್ತಿದ್ದ.

ರಕ್ತದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲ ಎಂದು ಕೃತಿಕಾಳಿಗೆ ಯಾರೂ ಬಂದು ಹೇಳಲಿಲ್ಲ. ಅಂಗಳದಲ್ಲಿ ಕರಟ ಬಡಿಯುತ್ತಿದ್ದಾಗ ಜಗಲಿಯ ಮೇಲೆ ತಾಯಿ ಮಗ ಮಾತಾಡಿಕೊಂಡದ್ದು ಕಿವಿಗೆ ಬಿತ್ತು.

"ಅವ್ಳ ಬ್ಲಡ್ ಎಲ್ಲ ಕ್ಲೀನಾಗಿದೆ ಅಮ್ಮ. ರಿಪೋರ್ಟ್ ಬಂತು."

"ಅದ್ರಾಗೆ ಜಾತಿ ಬತ್ತದೇನಪ್ಪಾ?" ಎಂದಳು ರಂಗಮ್ಮ.

ಮಗ ಮೆಲ್ಲಗೆ ಮಾತಾಡಮ್ಮ ಎಂದು ಕೂಡ ಹೇಳಲಿಲ್ಲ. ಕೆಳಗೆ ಕೂತವರಿಗೆ ಕೇಳಿಸಿದರೇನು, ಬಿಟ್ಟರೇನು.

ರಂಗಮ್ಮನ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಒಂದೇ ಸೂಜಿ, ಒಂದೇ ಗಳಿಗೆ, ಒಂದೇ ಕಡೆ. ಅವಳದು ಒಣಗುತ್ತದೆ, ನಮ್ಮದು ಕೊಳೆಯುತ್ತದೆ ಎಂದರೆ ಏನರ್ಥ? ನಮ್ಮ ಮಗುವಿನ ಚೈತನ್ಯವನ್ನು ಅವಳ ಮೂಗು ಎಳೆದುಕೊಳ್ಳುತ್ತಿದೆ. ಅವಳ ತೂತು ಮುಚ್ಚಬೇಕು. ಅದು ಮುಚ್ಚಿದರೆ ಇದು ವಾಸಿಯಾಗುತ್ತದೆ. ಡಾಕ್ಟರು ಕೊಟ್ಟ ಮಾತ್ರೆ ಒಂದು ಕಡೆ ನಡೆದೇ ಇತ್ತು, ಅದರ ಪಾಡಿಗೆ ಅದು. ಉದಯಕುಮಾರನಿಗೂ ಹೇಳಿ ಕಳಿಸಿದಳು. ಅವನು ಬಂದು ಮೆಟ್ಟಿಲ ಪಕ್ಕ ಕೈಕಟ್ಟಿ ನಿಂತ.

"ಹನುಮೀ, ಬಾ ಇಲ್ಲಿ. ಮಗ್ಳುನ್ನೂ ಕರ್ಕೊಂಡ್ ಬಾ."

ಇಬ್ಬರೂ ಹೋಗಿ ಅಂಗಳದಲ್ಲಿ ನಿಂತರು. ಮೆಟ್ಟಿಲು ಹತ್ತಲು ಈ ಸಲ ಯಾರೂ ಹೇಳಲಿಲ್ಲ.

"ಆ ಕಡ್ಡಿ ತೆಗ್ಸಿಬುಡು. ಮುಚ್ಕೊಳ್ಳಿ ಅದು. ನಮ್ ಮಗೀಗೆ ಅದ್ರಿಂದ ವಾಸಿ ಆಯ್ತಾ ಇಲ್ಲ."

ಉದಯಕುಮಾರ ನೆಲ ನೋಡುತ್ತಾ ಹೇಳಿದ. "ತೆಗುದ್ಬುಡಮ್ಮ ಹನುಮಕ್ಕ. ತಾನೇ ಮುಚ್ಕೊಳ್ತದೆ." ಆಮೇಲೆ ತನ್ನಷ್ಟಕ್ಕೆ ಎಂಬಂತೆ, "ಗಳಿಗೆ ಮೀರ್ತದೆ ಅಂದೋರು ನೀವೇ ಅಲ್ವಾ ಅಮ್ಮೋರೇ" ಎಂದು ಗೊಣಗಿದ. ಅದು ಜಗಲಿ ಹತ್ತಲಿಲ್ಲ.

ಹನುಮಕ್ಕ ಮಗಳ ಕಡೆ ತಿರುಗಿದಳು. ಉಗುರಿಲ್ಲದ ಹೆಬ್ಬೆರಳು ಮೂಗಿನ ಹತ್ತಿರ ಬಂತು. ಕೃತಿಕಾ ಆ ಮಣಿಕಟ್ಟನ್ನು ಹಿಡಿದುಕೊಂಡಳು.

"ಬ್ಯಾಡಮ್ಮ."

"ಬುಡೇ, ಹಟ ಮಾಡ್ಬ್ಯಾಡ. ನೀನೇನು ಆಸೆ ಪಟ್ಟು ಚುಚ್ಸ್ಕೊಂಡಿದ್ದಾ?"

"ಇಲ್ಲ. ಆದ್ರೂ ತೆಗಿಯಲ್ಲ."

ರಂಗಮ್ಮ ಜಗಲಿಯ ಅಂಚಿಗೆ ಬಂದಳು. "ಏನಂದ್ಲೇ ಅವ್ಳು?"

ಅಪ್ಪನ ಜೊತೆ ಬಂದಿದ್ದ ಇಂಪನಾ ಒಳಬಾಗಿಲಲ್ಲಿ ನಿಂತಿದ್ದಳು. ಕೃತಿಕಾ ಅವಳನ್ನು ನೋಡಿದಳು. ಸ್ಟಡ್ಡಿನ ಮಾತು ನಾಲಿಗೆಯ ತುದಿಯಲ್ಲಿತ್ತು. ಒಂದು ಮಾತು ಆಡಿದರೆ ಸಾಕು, ತಪ್ಪು ಸ್ಟಡ್ಡಿನ ಮೇಲೆ ಹೋಗುತ್ತದೆ, ಪಾಪ ಈ ಹುಡುಗಿಯದೇನೂ ಇಲ್ಲ ಬಿಡು ಎನ್ನುತ್ತಾರೆ, ಎಲ್ಲ ಮೊದಲಿನ ಹಾಗಾಗುತ್ತದೆ. ಪೇಪರ್ ಲೋಟದಲ್ಲಿ ಕಾಫಿ ಬರುತ್ತದೆ. ಇಂಪನಾ ಬಾಗಿಲ ಚಿಲಕ ಹಿಡಿದು ಮುಖ ತಗ್ಗಿಸಿದಳು. ಕೃತಿಕಾ ಆ ಮಾತನ್ನು ನುಂಗಿಕೊಂಡಳು. ಇಂಪನಾಳ ಮೇಲಿನ ಕನಿಕರಕ್ಕಲ್ಲ. ಅವಳಿಗೆ ಇವರ ಕ್ಷಮೆ ಬೇಡವಾಗಿತ್ತು.

"ತೆಗಿಯಲ್ಲ ಅಂದೆ" ಎಂದಳು.

"ಚುಚ್ಸಿದ್ದು ನಾನು ಕಣೇ! ತೆಗಿ ಅಂತಿರೋದೂ ನಾನೇ!"

"ಚುಚ್ಚುವಾಗ ನೀವು ನನ್ನ ಕೇಳ್ಲಿಲ್ಲ. ಈಗ ತೆಗಿ ಅಂತ ನನ್ನೇ ಕೇಳ್ತಿದೀರ. ಕೇಳಿದ್ರಿಂದ ಹೇಳ್ತಿದೀನಿ. ತೆಗಿಯಲ್ಲ."

ಭಾನುಪ್ರಕಾಶ್ ಮುಂದೆ ಬಂದ. ಆಫೀಸಿನಲ್ಲಿ ಅರ್ಜಿದಾರರನ್ನು ಸಾಗಹಾಕುವ ದನಿಯಲ್ಲಿ ಹೇಳಿದ. "ನೋಡಮ್ಮ, ನೀನು ಓದಿರೋ ಹುಡ್ಗಿ. ನಾನೂ ಇದನ್ನೆಲ್ಲ ನಂಬಲ್ಲ. ವಯಸ್ಸಾದವರ ಮನಸ್ಸಿಗೆ ಸಮಾಧಾನ ಆಗ್ಲಿ ಅಂತ ಅಷ್ಟೇ. ಒಂದು ಕಡ್ಡಿ ತಾನೇ?"

"ನಂಬಲ್ಲ ಅಂದ್ರೆ ಅವ್ರಿಗೆ ಹೇಳಿ ಸರ್. ನಂಗ್ಯಾಕೆ ಹೇಳ್ತೀರಾ?"

"ಬಾಯಿ ಬಂತು ನೋಡು ಇವಕ್ಕೆ!" ರಂಗಮ್ಮ ಮೆಟ್ಟಿಲ ಕಡೆ ಕೈ ತೋರಿಸಿದಳು. "ಆವತ್ತು ಇದೇ ಮೆಟ್ಲ ಮೇಲೆ ಕೂತ್ಕೊಂಡು ಹಲ್ಲು ಕಿರೀತಿದ್ಲು!"

"ನೀವು ನಗು ಅಂದ್ರಿ, ನಕ್ಕೆ. ಈಗ ನಗಲ್ಲ."

ಅಂಗಳದಲ್ಲಿ ಮಚ್ಚಿನ ಸದ್ದು ನಿಂತಿತ್ತು. ಕಾಲೋನಿಯ ಹೆಂಗಸರೆಲ್ಲ ಕಾಯಿ ಹಿಡಿದುಕೊಂಡೇ ನೋಡುತ್ತಿದ್ದರು. ಯಾರೂ ಎದ್ದು ಬರಲಿಲ್ಲ. ಬಂದರೆಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಬರಲಿಲ್ಲ. ಅವರಿಗೂ ಒಲೆ ಇದೆ.

"ಹನುಮೀ, ಕಡೇ ಸಲ ಹೇಳ್ತಿದೀನಿ. ಆ ಕಡ್ಡಿ ತೆಗ್ದ್ರೆ ಕೆಲ್ಸ. ಇಲ್ಲಾಂದ್ರೆ ನಾಳೆಯಿಂದ ಈ ಕಡೆ ತಲೆ ಹಾಕ್ಬ್ಯಾಡ."

ಹನುಮಕ್ಕ ಮದುವೆಯಾಗಿ ಬಂದಾಗಿನಿಂದ ಆ ಅಂಗಳದಲ್ಲಿ ಕೂತವಳು. ಮಗಳನ್ನು ನೋಡಿದಳು. ಗುಡ್ಡೆಯಾಗಿ ಬಿದ್ದ ಕಾಯಿಗಳನ್ನು ನೋಡಿದಳು. ಅವಳ ಕೈ ಇನ್ನೂ ಮಗಳ ಹಿಡಿತದಲ್ಲೇ ಇತ್ತು. ಬಿಡಿಸಿಕೊಂಡು ಕಡ್ಡಿ ಕೀಳುವಷ್ಟು ಬಲ ಆ ಕೈಗಿತ್ತು. ಕೀಳಲಿಲ್ಲ. ಮಚ್ಚು ಮನೆಯವರದು, ಅಲ್ಲೇ ಬಿಟ್ಟರು. ಚಪ್ಪಲಿ ಬೇಲಿಯ ಹೊರಗಿತ್ತು, ಹಾಕಿಕೊಂಡು ನಡೆದರು.

ಹನುಮಕ್ಕ ಮನೆ ಸೇರಿ, ಬಾಗಿಲು ಹಾಕಿ, ಮಗಳ ಕಡೆ ತಿರುಗಿ, ಕೈಬೀಸಿ ಕೆನ್ನೆಗೆ ಹೊಡೆದಳು. ಎಡಗೆನ್ನೆಗೆ ಹೊಡೆದಳು. ಬಲಗಡೆ ಕಡ್ಡಿ ಇತ್ತು.

"ಇನ್ನೇನ್ ತಿಂತೀಯಾ? ಕಡ್ಡಿ ತಿಂತೀಯಾ?" ಎಂದು ಕೂಗಿ, ಗೋಡೆಗೆ ಒರಗಿ ಕುಸಿದು ಕೂತಳು. ಕೃತಿಕಾ ನಿಂತಲ್ಲೇ ನಿಂತಿದ್ದಳು. ಕೆನ್ನೆ ಉರಿಯಬೇಕಿತ್ತು, ಉರಿಯಲಿಲ್ಲ. ಅಮ್ಮ ಅಳುತ್ತಿದ್ದಾಳೆ ಎಂದು ಗೊತ್ತಾಯಿತು, ಹತ್ತಿರ ಹೋಗಬೇಕು ಎಂದೂ ಗೊತ್ತಾಯಿತು. ಹೋಗಿ ಪಕ್ಕದಲ್ಲಿ ಕೂತಳು. ಇಬ್ಬರೂ ಎದುರಿನ ಗೋಡೆ ನೋಡಿಕೊಂಡು ಕೂತಿದ್ದರು.

ಹೊತ್ತು ಇಳಿಯುವಾಗ ಹನುಮಕ್ಕ ಎದ್ದಳು. ತಮ್ಮನಿಗೆ ಫೋನ್ ಮಾಡಿ, ಒಂದೇ ಮಾತು ಹೇಳಿದಳು. "ತಿಮ್ಮೇಸಾ, ಮೂಗುಬೊಟ್ಟು ಬಲಕ್ಕೇ ತಗಂಬಾ." ಅವನು ಏನೋ ಕೇಳುತ್ತಿದ್ದಂತೆಯೇ ಇಟ್ಟಳು. ಆಮೇಲೆ ಹೊರಗೆ ಹೋಗಿ, ಕಾಲೋನಿಯ ಬೋರ್‌ವೆಲ್ ಹತ್ತಿರದ ಬೇವಿನ ಮರದಿಂದ ಒಂದು ಕಡ್ಡಿ ಮುರಿದು ತಂದಳು. ಹಳೆಯದಕ್ಕಿಂತ ಒಂದೆಳೆ ದಪ್ಪ. ಬಾಗಿಲ ಬೆಳಕಿನಲ್ಲಿ ಕೂತು ಸಿಪ್ಪೆ ಸುಲಿದಳು. ತುದಿಯನ್ನು ಕಲ್ಲಿಗೆ ತೀಡಿ ನುಣುಪು ಮಾಡಿದಳು. ಚಮಚದಲ್ಲಿ ಎಣ್ಣೆ ಬಿಸಿ ಮಾಡಿ ಅರಿಶಿನ ಹಾಕಿದಳು.

"ಇತ್ಲಾಗ್ ತಿರುಗು."

ಕೃತಿಕಾ ತಿರುಗಿದಳು. ಅಮ್ಮನ ಬೆರಳು ಅವಳ ಗಲ್ಲ ಹಿಡಿಯಿತು. ಒರಟು ಬೆರಳು, ನಾರಿನ ವಾಸನೆ. ಹಳೇ ಕಡ್ಡಿ ಸರಕ್ಕನೆ ಜಾರಿ ಬಂತು. ಅಮ್ಮನ ಕೈಯಲ್ಲಿದ್ದ ಹೊಸ ಕಡ್ಡಿಯ ಮೊನೆ ಕಂಡಿತು. ಕೃತಿಕಾಳ ತುಟಿ ಎರಡೂ ಕಡೆಗೆ ಎಳೆದುಕೊಂಡಿತು.

"ಹಲ್ಲು ಮುಚ್ಚು" ಎಂದಳು ಹನುಮಕ್ಕ. "ಇಲ್ಲ್ಯಾರಿಗೆ ತೋರಿಸ್ತೀಯಾ?"

ತುಟಿ ಮೆಲ್ಲಗೆ ಕೂಡಿಕೊಂಡಿತು. ಕಡ್ಡಿ ತೂತಿನ ಬಾಯಲ್ಲಿ ಸಿಕ್ಕಿಕೊಂಡಿತು. ಹನುಮಕ್ಕ ಉಸಿರು ಹಿಡಿದು ತಿರುವಿ ಒತ್ತಿದಳು. ಮೂಗಿನಿಂದ ಕಣ್ಣಿಗೆ, ಕಣ್ಣಿನಿಂದ ನೆತ್ತಿಗೆ ಏನೋ ಹರಿದು ಹೋಯಿತು. ಕೃತಿಕಾ ಅಮ್ಮಾ ಎಂದು ಕಿರುಚಿದಳು. ಕಾಲೋನಿಗೆಲ್ಲ ಕೇಳುವ ಹಾಗೆ ಕಿರುಚಿದಳು. ಹೊರಗೆ ಯಾರೋ ಏನಾಯ್ತು ಏನಾಯ್ತು ಎಂದು ಓಡಿ ಬಂದರು.

ಹನುಮಕ್ಕ ಗಾಬರಿಯಿಂದ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ನೋವಾಯ್ತೇನೇ ಮಗಾ?"

ಸೂಜಿ ಹಿಡಿದವನು ಕೇಳದ ಮಾತು, ಜಗಲಿ ತುಂಬ ಇದ್ದವರಲ್ಲಿ ಒಬ್ಬರೂ ಕೇಳದ ಮಾತು. ಕೃತಿಕಾ ಅಮ್ಮನ ಸೆರಗು ಮುದುಡಿ ಹಿಡಿದು ಗೊಳೋ ಎಂದು ಅತ್ತಳು.

"ಹೂಂ ಕಣಮ್ಮ" ಎಂದಳು ಬಿಕ್ಕುತ್ತಾ. "ಆವತ್ತೂ ನೋವಾಗಿತ್ತು."